ಶೇಂಗಾ ಸೀಮೆಯ ಬೂಷ್ಟು ಮತ್ತು ಯಕೃತ್ತು

ಯಕೃತ್ತಿನ ರೋಗಗಳಿಗೆ ಕಾರಣ ಮದ್ಯ, ಕಾಮಾಲೆಯ ವೈರಸ್ಸುಗಳು ಮತ್ತು ಈಚೆಗೆ ಸಕ್ಕರೆ ಕಾಯಿಲೆ, ಬೊಜ್ಜುಗಳೊಡನೆ ಬರುವ ಕೊಬ್ಬು ಎಂಬುದು ಸಾಮಾನ್ಯ ತಿಳಿವಳಿಕೆ. ಆಸ್ಪತ್ರೆಗೆ ಬರುವ ರೋಗಿಗಳನ್ನು ನೋಡಿದರೆ ಅದು ಸರಿಯಾದ ತಿಳಿವಳಿಕೆಯೇ ಹೌದು. ಆದರೆ 1960ರಿಂದ ಈಚೆಗೆ ಈ ಅಂಗದ ಬಗ್ಗೆ ನಡೆದ ಸಂಶೋಧನೆಯ ಒಂದು ದೊಡ್ಡ ಕವಲು ಆಸ್ಪತ್ರೆಯನ್ನು ಬಿಟ್ಟು ಹೊಲ, ಕಣ ಮತ್ತು ಎಣ್ಣೆ ಗಿರಣಿಗಳನ್ನು ಹೊಕ್ಕಿತು. ಅದು ಬೆನ್ನು ಹತ್ತಿದ್ದು ಶೇಂಗಾ ಮತ್ತು ಮುಸುಕಿನ ಜೋಳಗಳ ಮೇಲೆ ಬೆಳೆಯುವ ಒಂದು ಬೂಷ್ಟನ್ನು, ಆ ಬೂಷ್ಟು ಸ್ರವಿಸುವ ಅಫ್ಲಾಟಾಕ್ಸಿನ್ ಎಂಬ ವಿಷವನ್ನು. ಬಳ್ಳಾರಿಯಿಂದ ಚಳ್ಳಕೆರೆಗೆ ಬರುವ ಹೆದ್ದಾರಿಯಲ್ಲಿ ಬಿ.ಜಿ. ಕೆರೆಯನ್ನು ದಾಟುವಾಗ ರಸ್ತೆಯ ಎರಡೂ ಬದಿಗೆ ಕಾಣುವ ಕೆಂಪು ಮಣ್ಣಿನ ಹೊಲಗಳು ಮುಖ್ಯವಾಗಿ ಶೇಂಗಾದ ಹೊಲಗಳು. ಮುಂದೆ ಸಿಗುವ ಚಳ್ಳಕೆರೆ ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಸೇರಿವೆ. ಬರಗಾಲ ಮತ್ತು ಶೇಂಗಾ ಒಂದೇ ನೆಲದಲ್ಲಿ ಕೂಡಿದಾಗ ಈ ಸಂಶೋಧನೆಯ ಫಲಿತಾಂಶಗಳು ಆ ನೆಲದ ಮನೆಗಳಿಗೆ ನೇರವಾಗಿ ಸಂಬಂಧಿಸುತ್ತವೆ.

ಯಕೃತ್ತು, ಅಂದರೆ ಪಿತ್ತಜನಕಾಂಗ, ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಕೆಳಗಿರುವ, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಕರುಳು ಹೀರಿಕೊಂಡ ಆಹಾರಾಂಶಗಳಲ್ಲಿ ಹೆಚ್ಚಿನವು ಒಂದು ವಿಶೇಷ ಅಭಿಧಮನಿಯ ಮೂಲಕ ಮೊದಲು ಇಲ್ಲಿಗೇ ಬರುವುದರಿಂದ, ಊಟದ ಜೊತೆ ಒಳಹೋದ ವಿಷವೂ ದೇಹದ ಉಳಿದ ಭಾಗಗಳನ್ನು ಮುಟ್ಟುವ ಮುನ್ನ ಯಕೃತ್ತಿನ ಕೋಶಗಳನ್ನು ಹಾದುಹೋಗಬೇಕಾಗುತ್ತದೆ. ಈ ಕೋಶಗಳು ಪಿತ್ತರಸವನ್ನು ತಯಾರಿಸುತ್ತವೆ. ಅದು ಕೂದಲಿಗಿಂತ ಸಣ್ಣ ನಾಳಗಳಲ್ಲಿ ಕೂಡಿ, ದೊಡ್ಡ ಪಿತ್ತನಾಳಗಳಾಗಿ, ಪಿತ್ತಕೋಶದಲ್ಲಿ ಶೇಖರವಾಗಿ, ಕೊನೆಗೆ ಸಣ್ಣ ಕರುಳಿಗೆ ಇಳಿದು ಕೊಬ್ಬನ್ನು ಅರಗಿಸಲು ನೆರವಾಗುತ್ತದೆ. ಪಿತ್ತನಾಳಗಳು ಜೀರ್ಣಕ್ರಿಯೆಯ ದಾರಿ ಮಾತ್ರವಾಗಿರದೆ ಯಕೃತ್ತು ಶುದ್ಧಿಮಾಡಿ ಹೊರದೂಡುವ ಕಸದ ದಾರಿಯೂ ಆಗಿವೆ. ಆದ್ದರಿಂದ ಯಕೃತ್ತಿನ ಕೋಶಗಳಿಗೆ ಪೆಟ್ಟಾದಾಗ ಅದರ ಗುರುತು ಬಹಳ ಸಲ ಈ ನಾಳಗಳ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ರಕ್ತದಲ್ಲೇ ಉಳಿದ ಪಿತ್ತದ ಬಣ್ಣ ಕಣ್ಣು, ಚರ್ಮಗಳನ್ನು ಹಳದಿಯಾಗಿಸುವ ಕಾಮಾಲೆ ಹುಟ್ಟುತ್ತದೆ.

ಅಫ್ಲಾಟಾಕ್ಸಿನ್‌ನ ಪತ್ತೆಯಾದದ್ದು ಮನುಷ್ಯರಿಂದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ ಎಂದು ಕರೆದರು. ಸತ್ತ ಹಕ್ಕಿಗಳ ಯಕೃತ್ತು ಕೊಳೆತಂತಾಗಿತ್ತು, ಮತ್ತು ಅವುಗಳ ಮೇವಿನಲ್ಲೆಲ್ಲ ಬ್ರೆಜಿಲಿನಿಂದ ಹಡಗಿನಲ್ಲಿ ಬಂದ ಶೇಂಗಾ ಹಿಂಡಿ ಇತ್ತು. ಆ ಹಿಂಡಿಯಲ್ಲಿ ‘ಆಸ್ಪರ್ಜಿಲಸ್ ಫ್ಲೇವಸ್’ ಎಂಬ ಹಳದಿ-ಹಸಿರು ಬೂಷ್ಟಿನ ಎಳೆಗಳು ಕಂಡವು. ಅದರ ಹೆಸರಿನ ತುಣುಕುಗಳಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಅತಿನೇರಳೆ ದೀಪದಡಿ ನೀಲಿಯಾಗಿ ಹೊಳೆಯುವ ಬಗೆಗಳು ಬಿ-1, ಬಿ-2. ಹಸಿರಾಗಿ ಹೊಳೆಯುವವು ಜಿ-1, ಜಿ-2. ಇವುಗಳಲ್ಲಿ ಬಿ-1 ಅತ್ಯಂತ ಘೋರವಾದದ್ದು.

ರಾಸಾಯನಿಕ ಪರೀಕ್ಷೆಗಳು ಇನ್ನೂ ಪಳಗದಿದ್ದ ಆ ದಿನಗಳಲ್ಲಿ ವಿಜ್ಞಾನಿಗಳು ವಿಷವನ್ನು ಅಳೆಯಲು ಒಂದು ದಿನದ ಬಾತುಕೋಳಿ ಮರಿಗಳನ್ನು ಬಳಸಿದರು. ಅನುಮಾನದ ಹಿಂಡಿಯ ಸಾರವನ್ನು ಮರಿಗೆ ಉಣಿಸಿದ ಕೆಲವೇ ದಿನಗಳಲ್ಲಿ ಅದರ ಯಕೃತ್ತಿನ ಪಿತ್ತನಾಳಗಳ ಒಳಪದರದ ಕೋಶಗಳು ಅಳತೆ ಮೀರಿ ಹೆಚ್ಚುತ್ತಿದ್ದವು. ಎಷ್ಟು ಹೆಚ್ಚಿವೆಯೆಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿಷದ ಪ್ರಮಾಣವನ್ನು ಅಂದಾಜು ಮಾಡುತ್ತಿದ್ದರು. ಸಾಯುವ ಯಕೃತ್ತಿನ ಕೋಶಗಳ ಜಾಗದಲ್ಲಿ ನಾಳದ ಕೋಶಗಳು ಮುನ್ನುಗ್ಗುವ ಈ ವಿದ್ಯಮಾನ ಮುಂದೆ ಮನುಷ್ಯರಲ್ಲೂ ಕಾಣಿಸಿತು.

ಈ ಸುದ್ದಿ ಮೈಸೂರಿಗೆ ತಲುಪಿದ ಹೊತ್ತು ಬಹಳ ಇಕ್ಕಟ್ಟಿನದು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿ.ಎಫ್.ಟಿ.ಆರ್.ಐ., ದೇಶದ ಬಡಮಕ್ಕಳ ಪ್ರೋಟೀನ್ ಕೊರತೆಗೆ ಶೇಂಗಾ ಹಿಟ್ಟೇ ಉತ್ತರವೆಂದು ದಶಕದಿಂದ ದುಡಿಯುತ್ತಿತ್ತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಭಾಗ ಸೇರಿಸಿ, ಜೀವಸತ್ವಗಳನ್ನು ಬೆರೆಸಿದ ‘ಬಹೂಪಯೋಗಿ ಆಹಾರ’ ಆ ಸಂಸ್ಥೆಯ ಹೆಮ್ಮೆಯ ಸೃಷ್ಟಿಯಾಗಿತ್ತು. ಹಾಲು ಕೊಳ್ಳಲಾಗದ ಮನೆಗೆ ಅಗ್ಗದ ಪ್ರೋಟೀನ್ ಒದಗಿಸುವ ಆ ಆಲೋಚನೆ ತಪ್ಪಲ್ಲ, ಇಂದಿಗೂ ತಪ್ಪಲ್ಲ. ಆದರೆ ಹಿಟ್ಟಿನ ಮೂಲವಾದ ಕಾಯಿ ಎಲ್ಲಿ ಒಣಗಿತು, ಎಲ್ಲಿ ನೆನೆಯಿತು ಎಂದು ಕೇಳುವ ಪದ್ಧತಿ ಆಗ ಇನ್ನೂ ಬೆಳೆದಿರಲಿಲ್ಲ.

ಮೈಸೂರಿನಲ್ಲಿ ಪ್ರೋಟೀನ್ ಕೊರತೆಯ ಕ್ವಾಷಿಯಾರ್ಕರ್ ರೋಗದಿಂದ, ಅಂದರೆ ಮೈ ಊದಿ, ಕೂದಲು ಕೆಂಚಾಗಿ, ಮಗು ಮಂಕಾಗುವ ರೋಗದಿಂದ, ಬಳಲುತ್ತಿದ್ದ ಮಕ್ಕಳಿಗೆ ಶುಶ್ರೂಷೆಯ ಭಾಗವಾಗಿ ಶೇಂಗಾ ಪ್ರೋಟೀನ್ ಹಿಟ್ಟನ್ನು ಕೊಡಲಾಯಿತು. ಆ ಹಿಟ್ಟಿನ ಒಂದು ಕಂತಿನಲ್ಲಿ ಕಿಲೋಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಇತ್ತೆಂಬುದು ನಂತರ ಬೆಳಕಿಗೆ ಬಂತು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ಕೇಳಲು ಅಲ್ಪವಾದರೂ ಇಂದು ಅಂತರರಾಷ್ಟ್ರೀಯ ಆಹಾರ ಸಂಹಿತೆ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಒಪ್ಪುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ ಮಾತ್ರ. ಹಿಟ್ಟನ್ನು ತಿಂದ ಮಕ್ಕಳ ಯಕೃತ್ತು ದೊಡ್ಡದಾಯಿತು. ಯಕೃತ್ತಿನ ಸಣ್ಣ ತುಣುಕನ್ನು ಸೂಜಿಯಿಂದ ತೆಗೆದು ನೋಡುವ ಬಯಾಪ್ಸಿಯಲ್ಲಿ ಮೊದಲು ಕೊಬ್ಬು, ತಿಂಗಳುಗಳು ಕಳೆದಂತೆ ನಾರು, ಕೆಲವರಲ್ಲಿ ಕೊನೆಗೆ ಸಿರೋಸಿಸ್, ಅಂದರೆ ಮೆತ್ತನೆಯ ಅಂಗವೆಲ್ಲ ಗಾಯದ ನಾರಿನಿಂದ ಗಂಟುಗಂಟಾಗಿ ಗಟ್ಟಿಯಾಗುವ ಸ್ಥಿತಿ, ಕಂಡುಬಂತು. ಐ. ಆಮ್ಲಾ ಮತ್ತು ಅವರ ಜೊತೆಗಾರ ವೈದ್ಯರು ಸಿ.ಎಫ್.ಟಿ.ಆರ್.ಐ.ನ ವಿ. ಶ್ರೀನಿವಾಸಮೂರ್ತಿ ಮತ್ತು ಸಂಸ್ಥೆಯ ನಿರ್ದೇಶಕ ಎಚ್.ಎ.ಬಿ. ಪಾರ್ಪಿಯಾ ಅವರೊಂದಿಗೆ ಸೇರಿ 1971ರಲ್ಲಿ ಅಮೆರಿಕದ ಪೌಷ್ಟಿಕ ವಿಜ್ಞಾನದ ಪತ್ರಿಕೆಯೊಂದರಲ್ಲಿ ಇದನ್ನು ಪ್ರಕಟಿಸಿದರು. ಶೇಂಗಾ ಹಿಟ್ಟನ್ನು ದೇಶಕ್ಕೆಲ್ಲ ಹಂಚಬೇಕೆಂದು ಹೊರಟ ಸಂಸ್ಥೆಯ ಮುಖ್ಯಸ್ಥರೇ ಆ ಹಿಟ್ಟಿನ ಅಪಾಯವನ್ನು ಸಾರುವ ಪ್ರಬಂಧಕ್ಕೆ ತಮ್ಮ ಹೆಸರನ್ನು ಕೊಟ್ಟದ್ದು ಭಾರತೀಯ ವಿಜ್ಞಾನದಲ್ಲಿ ಅಷ್ಟಾಗಿ ನೆನಪಿಸಿಕೊಳ್ಳದ, ಆದರೆ ನೆನಪಿಸಿಕೊಳ್ಳಬೇಕಾದ ಸಂಗತಿ.

ಇದೇ ಕಾಲಕ್ಕೆ ಅಫ್ಲಾಟಾಕ್ಸಿನ್‌ನ ಮೇಲೆ ಇನ್ನೊಂದು ದೊಡ್ಡ ಆರೋಪವೂ ಬಂತು. ಭಾರತದ ಶಿಶುಗಳ ಸಿರೋಸಿಸ್ ಎಂದು ಹೆಸರಾಗಿದ್ದ, ಒಂದರಿಂದ ಮೂರು ವರ್ಷದ ಮಕ್ಕಳನ್ನು ಕೊಲ್ಲುತ್ತಿದ್ದ, ದಕ್ಷಿಣದ ಅನೇಕ ಮನೆಗಳು ಪೀಳಿಗೆಗಳಿಂದ ಬಲ್ಲ ರೋಗಕ್ಕೂ ಇದೇ ಕಾರಣವಿರಬಹುದೆಂದು ಮೈಸೂರಿನ ಸಂಶೋಧಕರು ಊಹಿಸಿದರು. ಆ ಊಹೆ ನಿಲ್ಲಲಿಲ್ಲ. 1980ರ ದಶಕದಲ್ಲಿ ಪುಣೆಯ ಮಕ್ಕಳ ವೈದ್ಯರು ಇಂಗ್ಲೆಂಡಿನ ಎಂ.ಎಸ್. ಟ್ಯಾನರ್ ಅವರೊಂದಿಗೆ ನಡೆಸಿದ ಅಧ್ಯಯನ, ರೋಗಿ ಮಕ್ಕಳ ಯಕೃತ್ತಿನಲ್ಲಿ ತಾಮ್ರ ವಿಪರೀತವಾಗಿರುವುದನ್ನೂ, ಆ ಮಕ್ಕಳಿಗೆ ತಾಯಿಹಾಲನ್ನು ಬೇಗ ಬಿಡಿಸಿ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲನ್ನು ಕುಡಿಸಿದ್ದನ್ನೂ ತೋರಿಸಿತು. ಕಲಾಯಿ ಹೋದ ಪಾತ್ರೆಗಳ ಜಾಗಕ್ಕೆ ಸ್ಟೀಲು ಬಂದಂತೆ ಆ ರೋಗ ಹೆಚ್ಚುಕಡಿಮೆ ಕಣ್ಮರೆಯಾಯಿತು. ಒಂದು ವಿಷವನ್ನು ಕಂಡುಹಿಡಿದವರಿಗೆ ಎಲ್ಲ ರೋಗದಲ್ಲೂ ಅದೇ ಕಾಣುವುದು ಸಂಶೋಧನೆಯಲ್ಲಿ ಹೊಸದೇನಲ್ಲ. ಮೈಸೂರಿನ ಹಿಟ್ಟಿನ ಪ್ರಕರಣದ ತೂಕ ಇದರಿಂದ ಕಡಿಮೆಯಾಗುವುದೂ ಇಲ್ಲ.

ಅನುಮಾನಕ್ಕೆ ಎಡೆಯಿಲ್ಲದಂತೆ ಮಾಡಿದ್ದು 1974ರ ದುರಂತ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳ 150ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಕಾಮಾಲೆ ಮತ್ತು ಹೊಟ್ಟೆಯಲ್ಲಿ ನೀರು ತುಂಬುವ ರೋಗ ಹಬ್ಬಿತು. 397 ಮಂದಿ ಹಾಸಿಗೆ ಹಿಡಿದರು, ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ಮನೆಗಳ ನಾಯಿಗಳೂ ಅದೇ ಲಕ್ಷಣಗಳಿಂದ ಸತ್ತದ್ದು ಇದು ವೈರಸ್ಸಿನ ಕಾಮಾಲೆಯಲ್ಲವೆಂಬ ಸುಳಿವು ಕೊಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ, ರಮೇಶ್ ವಿ. ಭಟ್ ಮತ್ತು ಸಂಗಡಿಗರು, ಅಕಾಲ ಮಳೆಗೆ ನೆನೆದ ಮುಸುಕಿನ ಜೋಳದಲ್ಲಿ ಕಿಲೋಗೆ 6ರಿಂದ 15 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಇದ್ದುದನ್ನು ತೋರಿಸಿ 1975ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಭಾರತದಲ್ಲಿ ಹಿಂದೆ ಇದ್ದ ಕಿಲೋಗೆ 30 ಮೈಕ್ರೋಗ್ರಾಮಿನ ಮಿತಿಯ ಇನ್ನೂರು ಪಟ್ಟಿನಿಂದ ಐನೂರು ಪಟ್ಟು ಅದು. ರೋಗಿಗಳ ಯಕೃತ್ತಿನಲ್ಲಿ ಪಿತ್ತನಾಳಗಳು ಬಾತುಮರಿಗಳಲ್ಲಿ ಕಂಡಂತೆಯೇ ಹೆಚ್ಚಿದ್ದವು.

ಇಂಥ ಸಾವುಗಳು ಅಪರೂಪ. ದಿನದಿನವೂ ಅಲ್ಪಸ್ವಲ್ಪವಾಗಿ ಒಳಹೋಗುವ ವಿಷ ವರ್ಷಗಳ ನಂತರ ತರುವ ಯಕೃತ್ತಿನ ಕ್ಯಾನ್ಸರೇ ಇದರ ದೊಡ್ಡ ಅಪಾಯ. ವಿಚಿತ್ರವೆಂದರೆ ಅಫ್ಲಾಟಾಕ್ಸಿನ್ ತಾನಾಗಿ ಅಷ್ಟು ಚುರುಕಿನ ವಸ್ತುವಲ್ಲ. ಅದನ್ನು ಹೊರಹಾಕಲೆಂದು ಯಕೃತ್ತಿನ ಕಿಣ್ವಗಳು ಅದರ ರೂಪ ಬದಲಿಸಲು ಹೊರಟಾಗ ನಡುವೆ ಹುಟ್ಟುವ ಅಲ್ಪಾಯುವಾದ ಒಂದು ರೂಪ ಕೋಶದ ಡಿ.ಎನ್.ಎ.ಗೆ ಅಂಟಿಕೊಳ್ಳುತ್ತದೆ. ಗ್ಲುಟಾಥಯೋನ್ ಎಂಬ ರಕ್ಷಕ ವಸ್ತು ಸಕಾಲಕ್ಕೆ ಅದನ್ನು ಹಿಡಿದರೆ ವಿಷ ಪಿತ್ತದ ಮೂಲಕವೋ ಮೂತ್ರದ ಮೂಲಕವೋ ಹೊರಟುಹೋಗುತ್ತದೆ. ಹಿಡಿಯದಿದ್ದರೆ, ಕೋಶಗಳು ಅಂಕೆ ಮೀರಿ ಹೆಚ್ಚದಂತೆ ಕಾಯುವ ಪಿ-53 ಎಂಬ ವಂಶವಾಹಿಯ ಒಂದು ನಿರ್ದಿಷ್ಟ ತಾಣದಲ್ಲಿ ಡಿ.ಎನ್.ಎ. ಅಕ್ಷರವೊಂದು ಬದಲಾಗಬಹುದು. ಅಫ್ಲಾಟಾಕ್ಸಿನ್ ಹೆಚ್ಚಿರುವ ಚೀನಾ ಮತ್ತು ದಕ್ಷಿಣ ಆಫ್ರಿಕದ ಪ್ರದೇಶಗಳ ಯಕೃತ್ತಿನ ಗಡ್ಡೆಗಳಲ್ಲಿ ಈ ಒಂದೇ ಬದಲಾವಣೆ ಮತ್ತೆಮತ್ತೆ ಸಿಗುವುದನ್ನು 1991ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ವರದಿ ಮಾಡಿದವು.

ಶಾಂಘೈಯಲ್ಲಿ 18,000ಕ್ಕೂ ಹೆಚ್ಚು ಗಂಡಸರ ಮೂತ್ರ ಮತ್ತು ರಕ್ತದ ಮಾದರಿಗಳನ್ನು ಮೊದಲೇ ತೆಗೆದಿಟ್ಟು, ಅವರಲ್ಲಿ ಯಾರಿಗೆ ಯಕೃತ್ತಿನ ಕ್ಯಾನ್ಸರ್ ಬಂತೆಂದು ವರ್ಷಗಳ ಕಾಲ ಕಾದು ನೋಡಿದ ಅಧ್ಯಯನ ಈ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳದ್ದು. 1994ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ ಅಫ್ಲಾಟಾಕ್ಸಿನ್ ಗುರುತು ಮಾತ್ರ ಇದ್ದವರಿಗೆ ಅಪಾಯ 3.4 ಪಟ್ಟು, ಹೆಪಟೈಟಿಸ್-ಬಿ ವೈರಸ್ಸು ಮಾತ್ರ ಇದ್ದವರಿಗೆ 7.3 ಪಟ್ಟು, ಎರಡೂ ಇದ್ದವರಿಗಾದರೋ 59.4 ಪಟ್ಟು. ಅಂದರೆ ಇವೆರಡೂ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಇದರಿಂದ ಹೊರಡುವ ಒಂದು ನೇರ ತೀರ್ಮಾನವೆಂದರೆ, ಹುಟ್ಟಿದ ಮಗುವಿಗೆ ಇಪ್ಪತ್ತನಾಲ್ಕು ಗಂಟೆಯೊಳಗೆ ಹಾಕುವ ಹೆಪಟೈಟಿಸ್-ಬಿ ಲಸಿಕೆ ಶೇಂಗಾ ಸೀಮೆಯಲ್ಲಿ ಎರಡು ಕೆಲಸಗಳನ್ನು ಮಾಡುತ್ತದೆ: ವೈರಸ್ಸಿನಿಂದ ಕಾಯುವುದರ ಜೊತೆಗೆ ಬೂಷ್ಟಿನ ವಿಷದ ಹಲ್ಲನ್ನೂ ಮೊಂಡು ಮಾಡುತ್ತದೆ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಲಸಿಕೆಯನ್ನು ತಂದ ಮೇಲೆ ಅದರ ಬೆಲೆ ಇಳಿದು, ಮುಂದೆ ಅದು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಸೇರಿತು.

ಭಾರತದಲ್ಲಿ ಯಕೃತ್ತಿನ ಕ್ಯಾನ್ಸರಿನ ಪ್ರಮಾಣ ಚೀನಾ ಅಥವಾ ಪಶ್ಚಿಮ ಆಫ್ರಿಕಕ್ಕೆ ಹೋಲಿಸಿದರೆ ಬಹಳ ಕಡಿಮೆಯೆಂಬುದನ್ನೂ ಹೇಳದೆ ಬಿಡುವಂತಿಲ್ಲ. ಶೇಂಗಾ ತಿನ್ನುವವರೆಲ್ಲ ಬೆದರಬೇಕಾದ ಕಾರಣವಿಲ್ಲ. ಆದರೆ ಈ ಲೆಕ್ಕಗಳ ಆಧಾರವನ್ನೂ ನೋಡಬೇಕು. ಕರ್ನಾಟಕದಲ್ಲಿ ದೀರ್ಘಕಾಲದಿಂದ ಜನಸಂಖ್ಯೆಯನ್ನಾಧರಿಸಿ ಕ್ಯಾನ್ಸರ್ ಎಣಿಸುತ್ತ ಬಂದಿರುವುದು ಕಿದ್ವಾಯಿ ಸಂಸ್ಥೆಯ ನೋಂದಣಿ, ಅದು ಎಣಿಸುವುದು ಬೆಂಗಳೂರಿನ ಜನರನ್ನು. ಬರಪೀಡಿತ ಹೊಲದ ಕಾಯಿಯನ್ನು ವರ್ಷವಿಡೀ ಚಟ್ನಿಪುಡಿಯಾಗಿ, ಸಾರಾಗಿ ತಿನ್ನುವ ಮನೆಗಳ ಆರೋಗ್ಯವನ್ನು ನಗರದ ಅಂಕಿಗಳಿಂದ ಓದುವುದು ಸರಿಯಾಗದು.

ಇನ್ನು ಹೊಲದ ಮಾತು. ಬೂಷ್ಟು ಗೋದಾಮಿನಲ್ಲಿ ಹುಟ್ಟುತ್ತದೆಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಆಸ್ಪರ್ಜಿಲಸ್ ಮಣ್ಣಿನಲ್ಲೇ ಇರುತ್ತದೆ, ಮತ್ತು ಶೇಂಗಾ ಮಣ್ಣಿನೊಳಗೇ ಕಾಯಿ ಕಟ್ಟುವ ಬೆಳೆ. ನೀರು ಸಾಕಷ್ಟಿರುವ ತನಕ ಎಳೆಯ ಬೀಜ ತನ್ನನ್ನು ಕಾಯ್ದುಕೊಳ್ಳುವ ರಾಸಾಯನಿಕಗಳನ್ನು ತಾನೇ ತಯಾರಿಸಿ ಬೂಷ್ಟನ್ನು ದೂರವಿಡುತ್ತದೆ. ಕೊಯ್ಲಿಗೆ ಮುಂಚಿನ ಮೂರರಿಂದ ಆರು ವಾರಗಳಲ್ಲಿ ಮಳೆ ಕೈಕೊಟ್ಟು, ಕಾಯಿಯ ಸುತ್ತಲ ಮಣ್ಣಿನ ಉಷ್ಣತೆ 28ರಿಂದ 31 ಡಿಗ್ರಿ ಸೆಲ್ಸಿಯಸ್‌ನಷ್ಟಾದರೆ, ಒಣಗುತ್ತಿರುವ ಬೀಜ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಒಣಹವೆಯನ್ನು ಚೆನ್ನಾಗಿ ತಾಳುವ ಬೂಷ್ಟು ಮಾತ್ರ ಬೆಳೆಯುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ಮಣ್ಣಿನ ಉಷ್ಣತೆಯನ್ನು ಕೃತಕವಾಗಿ ನಿಯಂತ್ರಿಸಿದ ಹೊಲದ ಮಡಿಗಳಲ್ಲಿ ಇದನ್ನು ತೋರಿಸಿದರು, ಬಿ.ಜಿ. ಕೆರೆ, ತಳಕು, ನಾಯಕನಹಟ್ಟಿಗಳ ಮಳೆಯಾಶ್ರಿತ ಹೊಲದಲ್ಲಿ ಸೆಪ್ಟೆಂಬರಿನ ಮಳೆ ತಪ್ಪಿದ ವರ್ಷ ಅದೇ ಪ್ರಯೋಗವನ್ನು ಪ್ರಕೃತಿ ತಾನಾಗಿ ನಡೆಸುತ್ತದೆ. ಗೆದ್ದಲು, ಗೊಣ್ಣೆಹುಳುಗಳು ಸಿಪ್ಪೆಯನ್ನು ಕೆರೆದ ಕಾಯಿಗೆ ಬೂಷ್ಟು ಇನ್ನೂ ಸುಲಭವಾಗಿ ನುಗ್ಗುತ್ತದೆ.

ಎರಡನೆಯ ಹಂತ ಕಿತ್ತ ಮೇಲೆ. ಬರ ಕಳೆದು ಬೆಳೆ ಕಿತ್ತ ಹೊತ್ತಿಗೆ ಹಿಂಗಾರು ಸುರಿದರೆ ಬಳ್ಳಿಸಮೇತ ಒಟ್ಟಿದ ಬಣವೆಯ ಒಳಭಾಗ ಬಿಸಿಯಾಗಿ, ತೇವ ಹಿಡಿದು, ವಾರದೊಳಗೆ ವಿಷದ ಕಾರ್ಖಾನೆಯಾಗುತ್ತದೆ. ಬೀಜದ ತೇವಾಂಶ ಶೇ. 8ಕ್ಕಿಂತ ಕೆಳಗಿಳಿದು, ಅಲುಗಿಸಿದಾಗ ಕಾಯಿಯೊಳಗೆ ಬೀಜ ಗಲಗಲ ಎನ್ನುವ ತನಕ ಒಣಗಿಸುವುದು ಹಿರಿಯರು ಬಲ್ಲ ಪರೀಕ್ಷೆ, ವಿಜ್ಞಾನವೂ ಅದನ್ನೇ ಹೇಳುತ್ತದೆ. ಇದಕ್ಕೆ ನೇರ ವಿರುದ್ಧವಾದ ರೂಢಿಯೊಂದಿದೆ: ಯಂತ್ರದಲ್ಲಿ ಸುಲಿಯುವಾಗ ಬೀಜ ಒಡೆಯಬಾರದೆಂದು, ತೂಕವೂ ಕೊಂಚ ಹೆಚ್ಚಲೆಂದು, ಒಣಗಿದ ಕಾಯಿಗೆ ನೀರು ಚಿಮುಕಿಸುವುದು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಚಳ್ಳಕೆರೆಯ ಪಕ್ಕದ ಅನಂತಪುರ ಸೀಮೆಯ ರೈತರಿಗೆ ಬಿಡಬೇಕೆಂದು ಮತ್ತೆಮತ್ತೆ ಹೇಳಿದ ರೂಢಿಗಳಲ್ಲಿ ಇದೊಂದು.

ಅದೇ ಇಕ್ರಿಸ್ಯಾಟ್ ಅಮೆರಿಕದ ಡ್ಯಾನ್‌ಫೋರ್ತ್ ಕೇಂದ್ರದೊಡನೆ, ಬೂಷ್ಟನ್ನು ತಡೆಯುವ ಮತ್ತು ಅದರ ವಿಷ ತಯಾರಿಕೆಯ ವಂಶವಾಹಿಯನ್ನು ಮೌನವಾಗಿಸುವ ಕುಲಾಂತರಿ ಶೇಂಗಾ ಗಿಡಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದೆ. ಅವು ರೈತರ ಹೊಲಕ್ಕೆ ಬಂದಿಲ್ಲ. ವಿಷ ಸ್ರವಿಸದ ಅದೇ ಜಾತಿಯ ಬೂಷ್ಟನ್ನು ಹೊಲಕ್ಕೆ ಎರಚಿ ವಿಷದ ಬೂಷ್ಟಿಗೆ ಜಾಗವೇ ಸಿಗದಂತೆ ಮಾಡುವ ಉಪಾಯ ಅಮೆರಿಕದಲ್ಲಿ ಮತ್ತು ನೈಜೀರಿಯಾದಲ್ಲಿ ಬಳಕೆಯಲ್ಲಿದೆ.

ಯಂತ್ರವಿಲ್ಲದೆ, ಹೊಸ ತಳಿಯಿಲ್ಲದೆ ಎಷ್ಟು ಸಾಧ್ಯವೆಂಬುದಕ್ಕೆ ಉತ್ತರ ಪಶ್ಚಿಮ ಆಫ್ರಿಕದ ಗಿನಿಯಿಂದ ಬಂದಿದೆ. ಅಲ್ಲಿನ 20 ಹಳ್ಳಿಗಳ 600 ಜನರನ್ನು ಆಯ್ದು, ಅರ್ಧ ಹಳ್ಳಿಗಳಲ್ಲಿ ರೈತರಿಗೆ ಕೆಟ್ಟ ಕಾಯಿಯನ್ನು ಕೈಯಿಂದ ಆರಿಸುವುದು, ನೆಲದ ಬದಲು ಚಾಪೆಯ ಮೇಲೆ ಒಣಗಿಸುವುದು, ಪ್ಲಾಸ್ಟಿಕ್ ಬದಲು ನಾರಿನ ಚೀಲ ಬಳಸುವುದು, ಚೀಲಗಳನ್ನು ಮರದ ಹಲಗೆಯ ಮೇಲಿಡುವುದು ಮೊದಲಾದವನ್ನು ಕಲಿಸಿದರು. ಕೊಯ್ಲಾದ ಐದು ತಿಂಗಳಿಗೆ ರಕ್ತ ಪರೀಕ್ಷಿಸಿದಾಗ ಆ ಹಳ್ಳಿಗಳ ಜನರಲ್ಲಿ ಅಫ್ಲಾಟಾಕ್ಸಿನ್‌ನ ಗುರುತು ಉಳಿದ ಹಳ್ಳಿಗಳವರಲ್ಲಿ ಇದ್ದುದರ ಅರ್ಧಕ್ಕಿಂತ ಕಡಿಮೆಯಿತ್ತು. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಈ ಫಲಿತಾಂಶ ಯಕೃತ್ತಿನ ಬಗೆಗಿನ ವೈದ್ಯಕೀಯ ಸಂಶೋಧನೆಯೇ. ಅದರ ಉಪಕರಣಗಳು ಚಾಪೆ ಮತ್ತು ಗೋಣಿಚೀಲವೆಂಬುದಷ್ಟೇ ವ್ಯತ್ಯಾಸ. ಆರಿಸುವಿಕೆ ಫಲಿಸಲು ಕಾರಣವೂ ಇದೆ: ವಿಷ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ, ಸಾವಿರಾರು ಕಾಳುಗಳ ನಡುವಿನ ಕೆಲವೇ ಕಾಳುಗಳಲ್ಲಿ ಅತಿಯಾಗಿ ಸೇರಿರುತ್ತದೆ. ಜೊಳ್ಳು, ಬಣ್ಣಗೆಟ್ಟ, ಕಹಿಯಾದ ಕಾಳುಗಳನ್ನು ತೆಗೆದರೆ ವಿಷದ ದೊಡ್ಡ ಪಾಲು ಹೋಗುತ್ತದೆ. ಹುರಿದರೆ, ಬೇಯಿಸಿದರೆ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ.

ಆರಿಸಿ ತೆಗೆದ ಕಾಳು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆ ಚಳ್ಳಕೆರೆಯಂಥ ಊರಿನಲ್ಲಿ ಏಳಲೇಬೇಕು, ಏಕೆಂದರೆ ಅದಕ್ಕೂ ಬೆಲೆಯಿದೆ: ಅದು ಗಿರಣಿಗೆ ಹೋಗುತ್ತದೆ. ಅರೆದಾಗ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ, ಸ್ವಲ್ಪ ಎಣ್ಣೆಗೆ ಇಳಿಯುತ್ತದೆ. ರಿಫೈನರಿಯಲ್ಲಿ ಕ್ಷಾರದಿಂದ ತೊಳೆದು ಬಣ್ಣ ತೆಗೆದ ಎಣ್ಣೆಯಲ್ಲಿ ಅದು ಉಳಿಯುವುದಿಲ್ಲ. ಈಚೆಗೆ ಪೇಟೆಯಲ್ಲಿ ಮತ್ತೆ ಬೆಲೆ ಬಂದಿರುವ, ಶುದ್ಧೀಕರಿಸದ ಗಾಣದ ಎಣ್ಣೆಯಲ್ಲಿ ಉಳಿಯಬಹುದು. ಗಾಣದ ಎಣ್ಣೆ ಕೆಟ್ಟದ್ದೆಂದಲ್ಲ, ಅದಕ್ಕೆ ಹಾಕುವ ಬೀಜ ಆರಿಸಿದ್ದಾಗಿರಬೇಕು. ಸಿ.ಎಫ್.ಟಿ.ಆರ್.ಐ.ನ ಟಿ. ಶಾಂತಾ ಮತ್ತು ವಿ. ಶ್ರೀನಿವಾಸಮೂರ್ತಿ 1977ರಲ್ಲಿ, ಇಂಥ ಎಣ್ಣೆಯನ್ನು ಗಾಜಿನ ಪಾತ್ರೆಯಲ್ಲಿ ಪ್ರಖರ ಬಿಸಿಲಿಗೆ ಇಟ್ಟರೆ ಅಫ್ಲಾಟಾಕ್ಸಿನ್ ಬಹುಮಟ್ಟಿಗೆ ನಾಶವಾಗುವುದನ್ನು ತೋರಿಸಿದ್ದರು. ಅದಕ್ಕೂ ಹತ್ತು ವರ್ಷ ಮೊದಲು ಶ್ರೀನಿವಾಸಮೂರ್ತಿಯವರ ತಂಡ ಹಿಂಡಿಯ ವಿಷವನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಮುರಿಯುವ ವಿಧಾನವನ್ನು ರೂಪಿಸಿತ್ತು.

ಹಿಂಡಿಯ ದಾರಿ ಎಮ್ಮೆ ಹಸುಗಳ ಕಡೆಗೆ. ಅವುಗಳ ಯಕೃತ್ತು ಬಿ-1 ಅನ್ನು ಎಂ-1 ಎಂಬ ರೂಪಕ್ಕೆ ಬದಲಿಸುತ್ತದೆ, ತಿಂದದ್ದರ ಶೇಕಡಾ ಕೆಲವು ಪಾಲು ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸುತ್ತದೆ, ಕೆಟ್ಟ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. ಕಾಯಿಸುವುದರಿಂದಲೂ ಪಾಶ್ಚರೀಕರಣದಿಂದಲೂ ಅದು ಹೋಗುವುದಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ 368ರಲ್ಲಿ ಎಂ-1, ಕಿಲೋಗೆ ಅರ್ಧ ಮೈಕ್ರೋಗ್ರಾಮಿನ ಮಿತಿಯನ್ನು ಮೀರಿತ್ತು. ಹಾಲಿಗೆ ನೀರು ಬೆರೆಸುವುದರ ಬಗ್ಗೆ ಇರುವಷ್ಟು ಕೂಗು ಈ ಅಂಕಿಯ ಬಗ್ಗೆ ಏಳಲಿಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಪಶು ಆಹಾರಕ್ಕೆ ಭಾರತೀಯ ಮಾನಕ ಸಂಸ್ಥೆ ಬಿ-1ರ ಗರಿಷ್ಠ ಮಿತಿಯನ್ನು ಕಿಲೋಗೆ 20 ಮೈಕ್ರೋಗ್ರಾಂ ಎಂದು ಗೊತ್ತುಮಾಡಿದೆ. ಗಿರಣಿಯ ಬಾಗಿಲಲ್ಲಿ ತೂಕಕ್ಕೆ ಕೊಂಡು ನೇರವಾಗಿ ಗೋದಲಿಗೆ ಹೋಗುವ ಬಿಡಿ ಹಿಂಡಿಯ ಚೀಲಕ್ಕೆ ಆ ಸಂಸ್ಥೆಯ ಮುದ್ರೆ ಇರುವುದಿಲ್ಲ.